ಪರದೆ ಇದ್ದಲ್ಲಿ ಕಿಟಕಿ

ಸಾಲ ಕೊಟ್ಟವನಾದರೆ ಬಾಗಿಲು ಬಡಿದು ಬೈಯುತ್ತಾನೆ, ಕಳ್ಳನಾದರೆ ಬಾಗಿಲು ಮುರಿದು ಬರುತ್ತಾನೆ. ಷಡ್ಡಕನೊಬ್ಬ ಮಾತ್ರ ಹಣ್ಣಿನ ಚೀಲ ಹಿಡಿದು ನಗುನಗುತ್ತಾ ಒಳಗೆ ಬಂದು, ನಮ್ಮ ಕುರ್ಚಿಯಲ್ಲೇ ಕೂತು, ನಮ್ಮ ಚಹಾ ಕುಡಿಯುತ್ತಾ ನಮ್ಮ ನೆಮ್ಮದಿ ಕೆಡಿಸುತ್ತಾನೆ. ಪರದೆಪ್ಪನವರ ಷಡ್ಡಕ, ಎಂದರೆ ಅವರ ಹೆಂಡತಿಯ ಅಕ್ಕನ ಗಂಡ, ಟೈರ್ ವ್ಯಾಪಾರಿ. ಆ ಭಾನುವಾರ ಬೆಳಿಗ್ಗೆ ಅವರು ಬಂದದ್ದೂ ಹಾಗೆಯೇ.

ಪರದೆಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪರದೆ ಅಂಗಡಿ ತೆರೆದ ಮೇಲೆ ಬೀದಿಯವರು ಇಟ್ಟದ್ದು. ಕೊರಳಲ್ಲಿ ಸದಾ ಅಳತೆಯ ಟೇಪು. ಯಾರ ಮನೆಗೆ ಹೋದರೂ ಮೊದಲು ಕಿಟಕಿಗೆ ನಮಸ್ಕಾರ, ಆಮೇಲೆ ಮನೆಯವರಿಗೆ. ಊರಿನ ಅರ್ಧ ಜನರ ಮಾನ ತಮ್ಮ ಬಟ್ಟೆಯ ಹಿಂದಿದೆ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಅವರ ಸ್ವಂತ ಮಲಗುವ ಕೋಣೆಯ ಕಥೆ ಬೇರೆ. ಅದು ಬೀದಿಗೆ ಮುಖ ಮಾಡಿತ್ತು. ಕಿಟಕಿಯ ಎದುರಿಗೇ ಬೀದಿದೀಪ, ದೀಪದ ಪಕ್ಕದಲ್ಲೇ ಬಸ್ಸುಗಳು ತಿರುಗುವ ಜಾಗ. ಮದುವೆಯಾದ ಹೊಸತರಲ್ಲಿ ಆ ಕಿಟಕಿಗೆ 'ಸದ್ಯಕ್ಕಿರಲಿ' ಎಂದು ಅಂಗಡಿಯ ಒಂದು ಸ್ಯಾಂಪಲ್ ತುಂಡು ನೇತುಹಾಕಿದ್ದರು. ಅದು ಕೆಳಗೆ ಒಂದು ಗೇಣು ಗಿಡ್ಡ. "ಸರಿಯಾದ್ದು ಹೊಲಿಸ್ತೀನಿ ಇರೇ, ಗಿರಾಕಿಗಳ ಕೆಲಸ ಒಂದು ಮುಗೀಲಿ" ಎಂದಿದ್ದರು. ಗಿರಾಕಿಗಳ ಕೆಲಸ ಮುಗಿಯಲಿಲ್ಲ, ಮಗಳ ಮದುವೆಯೇ ಮುಗಿಯಿತು. ಬೆಳಗಿನ ವಾಕಿಂಗಿಗೆ ಹೊರಟ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ದಿನವೂ ಆ ಒಂದು ಗೇಣಿನ ಸಂದಿಗೆ ಬಗ್ಗಿ, "ಏನ್ ಪರದೆಪ್ಪನೋರೇ, ಎದ್ರಾ?" ಎಂದು ಕೂಗುವುದು ವಾಡಿಕೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯಿದೆ. ಪರದೆಪ್ಪನವರ ಮನೆಯಲ್ಲಿ ಆ ಕತ್ತಲೆಗೂ ಗತಿಯಿರಲಿಲ್ಲ.

ಷಡ್ಡಕರು ಚಹಾ ಹೀರಿ, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ಹಡಗಿನ ಪ್ರವಾಸ ಹೊರಟಿದೀವಿ ಕಣಯ್ಯ. ಬಾಲ್ಕನಿ ರೂಮು. ಹಾಸಿಗೇಲಿ ಮಲಗಿದ್ರೆ ಕಾಲ ಬುಡದಲ್ಲಿ ಸಮುದ್ರ!"

"ಸಂತೋಷ" ಎಂದರು ಪರದೆಪ್ಪ, ಸಂತೋಷದ ಸುಳಿವಿಲ್ಲದೆ.

"ನೀವೂ ಬನ್ನಿ. ಬಾಲ್ಕನಿ ನಿಮಗೆ ಭಾರ ಆಗುತ್ತೆ, ಬೇಡ. ಕೆಳಗಡೆ ಒಳಗಿನ ರೂಮು ಅಂತ ಇದಾವೆ. ಮೂರರಲ್ಲಿ ಒಂದು ಪಾಲು ದುಡ್ಡು. ಕಿಟಕಿ ಒಂದಿಲ್ಲ, ಅಷ್ಟೇ."

ಕಿಟಕಿ ಇಲ್ಲ! ಪರದೆ ಅಂಗಡಿಯವನ ಮನೆಯಲ್ಲಿ ಕೂತು ಇಂಥ ಮಾತು. ಪರದೆಪ್ಪನವರ ಕೈ ತಾನಾಗಿ ಕೊರಳ ಟೇಪನ್ನು ಬಿಗಿಹಿಡಿಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದರು.

"ಭಾವ, ಕಿಟಕಿ ಇಲ್ಲ ಅಂದ್ರೆ ಪೂರ್ತಿ ಕತ್ತಲೇನಾ?"

"ದೀಪ ಆರಿಸಿದ್ರೆ ನಿನ್ನ ಕೈ ನಿಂಗೇ ಕಾಣಲ್ಲಮ್ಮ."

"ಹಗಲಲ್ಲೂ?"

"ಮಧ್ಯಾಹ್ನದಲ್ಲೂ. ಗುಹೆ ಅಂದ್ಕೋ."

"ಹೊರಗಡೆ ಸದ್ದೂ ಕೇಳ್ಸಲ್ವಾ?"

"ಹೊರಗಡೆ ಅಂತ ಇದ್ರೆ ತಾನೆ!" ಎಂದು ಷಡ್ಡಕರು ತೊಡೆ ತಟ್ಟಿಕೊಂಡು ನಕ್ಕರು.

ಹೆಂಡತಿ ಒಂದು ಉದ್ದ ಉಸಿರು ಬಿಟ್ಟರು. ಆ ಉಸಿರನ್ನು ಪರದೆಪ್ಪ ಕೇಳಿಸಿಕೊಂಡರು, ಮತ್ತು ತಪ್ಪಾಗಿ ಅರ್ಥ ಮಾಡಿಕೊಂಡರು. ಗಂಡಂದಿರ ಕಿವಿ ಚುರುಕು, ತಿಳುವಳಿಕೆ ಮಾತ್ರ ಅವರವರ ಹಣೆಬರಹ. ಪಾಪ, ಕತ್ತಲೆಂದರೆ ಇವಳು ಎಷ್ಟು ಹೆದರುತ್ತಾಳೆ ಎಂದು ಅವರ ಕರುಳು ಚುರಕ್ಕೆಂದಿತು.

ಷಡ್ಡಕರು ಹೋದ ಮೇಲೆ ಹೆಂಡತಿ ಮೆಲ್ಲಗೆ ಶುರುಮಾಡಿದರು. "ರೀ, ನಂಗೆ ಆ ಒಳಗಿನ ರೂಮು..."

"ನೀನೇನೂ ಹೇಳ್ಬೇಡ. ನಂಗೆ ಎಲ್ಲಾ ಅರ್ಥ ಆಯ್ತು" ಎಂದು ಪರದೆಪ್ಪ ಚಪ್ಪಲಿ ಮೆಟ್ಟಿದರು.

ಟಿಕೆಟ್ ಏಜೆಂಟನ ಕಚೇರಿ ಒಂದು ಕ್ಷೌರದಂಗಡಿಯ ಮೇಲಿತ್ತು. ಏಜೆಂಟ್ ಮೇಜಿನ ಮೇಲೆ ಮೂರು ಬಣ್ಣದ ಚಿತ್ರ ಹರಡಿದ. ಒಂದು ಬಾಲ್ಕನಿ ಕೋಣೆ, ಒಂದು ದುಂಡು ಕಿಟಕಿಯ ಕೋಣೆ, ಕೊನೆಯದು ಒಳಗಿನ ಕೋಣೆ. ಬಾಲ್ಕನಿಯ ಬೆಲೆ ಕೇಳಿ ಪರದೆಪ್ಪ ಒಂದು ಲೋಟ ನೀರು ಕುಡಿದರು. ಅಂಗಡಿಗೆ ಹೊಸ ಬೋರ್ಡು ಹಾಕಿಸಲು ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಮನಸ್ಸು ಕಹಿ ಮಾಡಿಕೊಂಡು ಮೂರನೆಯ ಚಿತ್ರ ನೋಡಿದವರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಎರಡು ಹಾಸಿಗೆ, ಒಂದು ಮೇಜು. ಹಾಸಿಗೆಯ ತಲೆಯ ಕಡೆ, ಸೂರಿನಿಂದ ನೆಲದವರೆಗೆ, ಕಡುನೀಲಿ ಬಣ್ಣದ ಭರ್ಜರಿ ಪರದೆ.

"ಇದೇನಿದು?" ಎಂದರು, ಧ್ವನಿ ತಗ್ಗಿಸಿ.

"ಪರದೆ ಸಾರ್. ಅದು ಸುಮ್ನೆ..."

"ಪರದೆ ಏನು ಅಂತ ನಂಗೆ ಹೇಳ್ಕೊಡ್ತೀರಾ? ಇಲ್ನೋಡಿ. ನೆರಿಗೆ ಎಷ್ಟು ಒತ್ತಾಗಿ ಹಿಡಿದಿದಾರೆ ನೋಡಿ. ಕಂಬಿ ಹಿತ್ತಾಳೇದು. ಅಂಚು ಮಡಚಿರೋ ಕಡೆ ಬಿಳಿ ಕಾಣುತ್ತಲ್ಲ, ಅದು ಲೈನಿಂಗ್. ಲೈನಿಂಗ್ ಯಾಕೆ ಹಾಕ್ತಾರೆ ಹೇಳಿ?"

"ಯಾಕೆ ಸಾರ್?"

"ಬಿಸಿಲಿಗೆ! ಬಣ್ಣ ಹೋಗದೆ ಇರಲಿ ಅಂತ. ಬಿಸಿಲು ಎಲ್ಲಿಂದ ಬರುತ್ತೆ? ಕಿಟಕಿಯಿಂದ! ಬರೀ ಗೋಡೆಗೆ ಲೈನಿಂಗ್ ಹಾಕಿದ ಪರದೆ ಕಟ್ಟೋ ದಡ್ಡನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ."

"ಸಾರ್, ಅದು ನಿಜವಾಗ್ಲೂ..."

"ಶ್!" ಪರದೆಪ್ಪ ಬಾಗಿಲ ಕಡೆ ನೋಡಿ, ಮೇಜಿನ ಮೇಲೆ ಬಾಗಿದರು. "ಬೇರೆ ಯಾರಿಗೂ ಹೇಳ್ಬೇಡಿ. ಕಂಪನಿಯೋರು ಚಿತ್ರ ಹಾಕುವಾಗ ಯಡವಟ್ಟು ಮಾಡ್ಕೊಂಡಿದಾರೆ. ಅವರಿಗೆ ಗೊತ್ತಾಗೋ ಮೊದಲು ಬರ್ಕೊಳ್ಳಿ."

ಏಜೆಂಟ್ ಅವರ ಮುಖ ನೋಡಿದ, ಗೋಡೆಯ ಗಡಿಯಾರ ನೋಡಿದ. ಊಟದ ಹೊತ್ತಾಗಿತ್ತು. ಬರೆದುಕೊಂಡ.

ಗುಟ್ಟು ಕಾಪಾಡುವುದರಲ್ಲಿ ಪರದೆಪ್ಪ ಎತ್ತಿದ ಕೈ. ಮನೆ ತಲುಪುವ ಮೊದಲು ಔಷಧಿ ಅಂಗಡಿಯವರಿಗೆ, ಇಸ್ತ್ರಿಯವನಿಗೆ, ಬಸ್ಸಿನ ಕಂಡಕ್ಟರಿಗೆ, ಎಲ್ಲರಿಗೂ ಬೇರೆ ಬೇರೆಯಾಗಿ "ನಿಮ್ಮಲ್ಲೇ ಇರಲಿ" ಎಂದು ಹೇಳಿಯೇ ಹೇಳಿದರು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಅವರ ಹೆಸರು ಎಲ್ಲಿಗೋ ಏರಿತ್ತು. ಹಡಗಿನ ಕಂಪನಿಯ ಕಣ್ಣಿಗೆ ಮಣ್ಣೆರಚಿದ ಮಹಾನುಭಾವ! ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರು ಕಿಟಕಿಯ ಸಂದಿಗೆ ಎಂದಿಗಿಂತ ಮುಂಚೆಯೇ ಬಗ್ಗಿದರು.

"ಪರದೆಪ್ಪನೋರೇ, ನಾವೂ ಅದೇ ಹಡಗಿಗೆ ದುಂಡು ಕಿಟಕಿ ರೂಮು ತಗೊಂಡಿದೀವಲ್ಲ. ಅದನ್ನ ಬಿಟ್ಟು ಒಳಗಿನದು ಮಾಡಿಸ್ಲಾ?"

"ಕಣ್ಮುಚ್ಕೊಂಡು ಮಾಡಿಸಿ ಮೇಷ್ಟ್ರೇ. ದುಂಡು ಕಿಟಕಿ ನಮ್ಮನೆ ತಟ್ಟೆ ಗಾತ್ರ. ಇದು ಸೂರಿನಿಂದ ನೆಲದವರೆಗೆ!"

"ಖಾತ್ರೀನಾ?"

"ಪರದೆ ಇದ್ದಲ್ಲಿ ಕಿಟಕಿ. ಇದು ನನ್ನ ಕಸುಬಿನ ಮಾತು."

ಹೆಡ್‌ಮಾಸ್ತರು ಕಿಟಕಿಯಿಂದ ಹಿಂದೆ ಸರಿದವರೇ ನೇರವಾಗಿ ಏಜೆಂಟನ ಬಳಿ ಹೋಗಿ ಕೋಣೆ ಬದಲಾಯಿಸಿಕೊಂಡು, ಉಳಿದ ಹಣದಲ್ಲಿ ದುರ್ಬೀನು ಕೊಂಡರು. ಅತ್ತ ಹಾಸಿಗೆಯ ಮೇಲೆ ಎದ್ದು ಕೂತಿದ್ದ ಪರದೆಪ್ಪನವರ ಹೆಂಡತಿ ಕೆಂಪು ಕಣ್ಣುಜ್ಜಿಕೊಳ್ಳುತ್ತಾ, "ರೀ, ಅಲ್ಲೂ ಕಿಟಕಿ ಇದೆಯಾ?" ಎಂದು ಕೇಳಿದರು. ಧ್ವನಿ ಸಣ್ಣಗಾಗಿತ್ತು.

"ಇದೆ ಕಣೇ, ಹೆದರ್ಬೇಡ!" ಎಂದರು ಪರದೆಪ್ಪ.

ಸುದ್ದಿ ಷಡ್ಡಕರಿಗೆ ಮುಟ್ಟಿದಾಗ ಅವರು ಯಾರದೋ ಲಾರಿಯ ಟೈರು ಬಡಿದು ನೋಡುತ್ತಿದ್ದರು. ಕೈಲಿದ್ದ ಸುತ್ತಿಗೆ ಹಿಡಿದೇ ಏಜೆಂಟನ ಕಚೇರಿಗೆ ಮೆಟ್ಟಿಲು ಹತ್ತಿದರಂತೆ. "ನನ್ನ ಹತ್ರ ಮೂರು ಪಟ್ಟು ಕಿತ್ಕೊಂಡು, ಅವನಿಗೆ ಅದೇ ಸಮುದ್ರನ ಅಗ್ಗಕ್ಕೆ ಕೊಟ್ಟಿದೀಯಾ?" ಎಂದು ಅವರು ಗುಡುಗಿದ್ದನ್ನು ಕೆಳಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ಕೇಳಿದನಂತೆ. ಏಜೆಂಟ್ ಪಾಪ ಏನು ಹೇಳಿದನೋ, ಷಡ್ಡಕರು ಇಳಿದು ಬರುವಾಗ ಸುತ್ತಿಗೆ ಕೆಳಗಿತ್ತು, ಮೀಸೆ ಮೇಲಿತ್ತು. ಸಂಜೆ ಫೋನ್ ಮಾಡಿದರು.

"ಹಡಗು ಹತ್ತಿದ ತಕ್ಷಣ ನಿಮ್ಮ ರೂಮಿಗೇ ಬರ್ತೀವಿ ಕಣಯ್ಯ. ಆ ಪರದೆ ನೀನೇ ಸರಿಸ್ಬೇಕು. ನಾವೆಲ್ಲಾ ನಿಂತ್ಕೊಂಡು ನೋಡ್ಬೇಕು."

"ಧಾರಾಳವಾಗಿ" ಎಂದರು ಪರದೆಪ್ಪ. ಹೊಟ್ಟೆಕಿಚ್ಚಿಗೆ ಮದ್ದಿಲ್ಲವೆಂದು ಹೆಂಡತಿಗೂ ಹೇಳಿದರು. ಹೆಂಡತಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಲೇ ಇದ್ದರು.

ಹಡಗು ಹೊರಟ ಮಧ್ಯಾಹ್ನ ಆ ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಷಡ್ಡಕ ದಂಪತಿಗಳು ಒಂದು ಹಾಸಿಗೆಯ ಮೇಲೆ, ಹೆಡ್‌ಮಾಸ್ತರ ಹೆಂಡತಿ ಇನ್ನೊಂದರ ಮೇಲೆ. ಹೆಡ್‌ಮಾಸ್ತರು ದುರ್ಬೀನನ್ನು ಆಗಲೇ ಕಣ್ಣಿಗೇರಿಸಿ, ಮೂಗಿನಿಂದ ಒಂದು ಗೇಣು ದೂರದ ಪರದೆಯತ್ತ ಗುರಿಯಿಟ್ಟಿದ್ದರು. ಅವರ ಕೋಣೆ ಪಕ್ಕದ್ದೇ. ಆದರೂ ಉದ್ಘಾಟನೆ ತಜ್ಞರ ಕೈಯಿಂದಲೇ ಆಗಲಿ ಎಂದು ತಮ್ಮ ಪರದೆಯನ್ನು ಮುಟ್ಟದೆ ಬಂದಿದ್ದರು. ಪರದೆಪ್ಪನವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು.

ಪರದೆಪ್ಪ ಮೊದಲು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಒಳ್ಳೆ ಮಾಲು" ಎಂದರು. ಅಂಚು ಮಗುಚಿ ಲೈನಿಂಗನ್ನು ಸಭೆಗೆ ತೋರಿಸಿದರು. ಆಮೇಲೆ ಹಗ್ಗ ಹಿಡಿದು, ಷಡ್ಡಕರತ್ತ ಒಂದು ಮುಗುಳ್ನಗೆ ಬೀರಿ, ಸರ್ರನೆ ಎಳೆದರು.

ಗೋಡೆ.

ಬಿಳಿ ಗೋಡೆ. ನಡುವೆ ಎರಡು ಮೊಳೆ. ಬೇರೆ ಏನೂ ಇಲ್ಲ.

"ಸಮುದ್ರ ಭಾಳ ಬೆಳ್ಳಗಿದೆ" ಎಂದರು ಹೆಡ್‌ಮಾಸ್ತರು, ದುರ್ಬೀನು ಇಳಿಸದೆ.

ಷಡ್ಡಕರು ಹಾಸಿಗೆಯಿಂದ ಎದ್ದು ಹೋಗಿ, ಲಾರಿಯ ಟೈರು ನೋಡುವಂತೆ ಗೋಡೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದರು. ಆಮೇಲೆ ನಕ್ಕರು ನೋಡಿ, ಕೋಣೆಯೇ ಅಲುಗಿತು. ಅವರ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಹೆಡ್‌ಮಾಸ್ತರು ತಮ್ಮ ಕೋಣೆಗೆ ಓಡಿಹೋಗಿ ಪರದೆ ಎಳೆದು ನೋಡಿ, ಅಲ್ಲೂ ಗೋಡೆಯನ್ನೇ ಕಂಡು ವಾಪಸು ಬಂದರು. ಬರುವಾಗ ಮುಖದಲ್ಲಿ ಸಾವಿರ ಮಕ್ಕಳನ್ನು ನಡುಗಿಸಿದ ಹಳೆಯ ಕಳೆ ಬಂದಿತ್ತು.

"ಕಸುಬಿನ ಮಾತು! ಬೆಂಚಿನ ಮೇಲೆ ನಿಲ್ಲಿಸ್ಬೇಕು ನಿಮ್ಮನ್ನ!"

"ಮುಚ್ಚಿದಾರೆ ಮೇಷ್ಟ್ರೇ! ಇದ್ದ ಕಿಟಕೀನ ಮುಚ್ಚಿದಾರೆ! ನಾನು ಬಿಡೋನಲ್ಲ!" ಎಂದು ಪರದೆಪ್ಪ ಕೊರಳ ಟೇಪು ಸರಿಮಾಡಿಕೊಂಡು ಮೇಲಿನ ವಿಚಾರಣೆಯ ಕೌಂಟರಿಗೆ ಧಾವಿಸಿದರು.

ಅಲ್ಲಿ ಕೂತಿದ್ದ ಹೆಣ್ಣುಮಗಳು ನಗು ಮಾಸದ ನೌಕರಿಯವಳು. "ಹೇಳಿ ಸಾರ್."

"ನನ್ನ ರೂಮಲ್ಲಿ ಪರದೆ ಇದೆ."

"ಹೌದು ಸಾರ್."

"ಹಿಂದೆ ಕಿಟಕಿ ಇಲ್ಲ."

"ಇಲ್ಲ ಸಾರ್. ಅದು ಒಳಗಿನ ರೂಮು."

"ಹಾಗಾದ್ರೆ ಪರದೆ ಯಾಕೆ ಹಾಕಿದೀರಿ?"

"ನೋಡೋಕೆ ಚೆನ್ನಾಗಿರುತ್ತೆ ಅಂತ."

"ಏನನ್ನ ನೋಡೋಕೆ?"

"ಪರದೇನ, ಸಾರ್."

ಜೀವಮಾನವಿಡೀ ಕಿಟಕಿಯ ಸಲುವಾಗಿ ಪರದೆ ಹೊಲಿದ ಮನುಷ್ಯನಿಗೆ, ಪರದೆಯ ಸಲುವಾಗಿಯೇ ಪರದೆ ಎಂಬ ವೇದಾಂತ ಒಮ್ಮೆಲೇ ಇಳಿಯಲಿಲ್ಲ. "ಲೈನಿಂಗ್ ಯಾಕೆ?" ಎಂದು ಸೋತ ಧ್ವನಿಯಲ್ಲಿ ಕೇಳಿದರು. ಅದು ಹುಡುಗಿಗೆ ಗೊತ್ತಿರಲಿಲ್ಲ. ಆದರೆ ಮೇಲಿನ ಅಂತಸ್ತಿನಲ್ಲಿ ಒಂದು ಬಾಲ್ಕನಿ ಕೋಣೆ ಖಾಲಿಯಿದೆ, ವ್ಯತ್ಯಾಸದ ಹಣ ಕಟ್ಟಿದರೆ ಈಗಲೇ ಸಿಗುತ್ತದೆ, ಒಳಗಿನದರ ಬೀಗದ ಕೈ ಪ್ರವಾಸ ಮುಗಿದ ಮೇಲೆ ಕೊಟ್ಟರೂ ಸರಿ, ಎಂದಳು.

ಅಷ್ಟರಲ್ಲಿ ಷಡ್ಡಕರೂ ಮೆಟ್ಟಿಲು ಹತ್ತಿ ಬಂದಿದ್ದರು. "ಬೇಡ ಕಣಯ್ಯ, ಸುಮ್ನೆ ದುಡ್ಡು ದಂಡ. ದಿನಾ ಸಂಜೆ ನಮ್ಮ ಬಾಲ್ಕನೀಗೆ ಬಂದು ಒಂದು ಮೂಲೇಲಿ ಕೂತ್ಕೊಳ್ಳಿ. ನಾವೇನು ಬೇಡ ಅಂತೀವಾ?"

ಆ 'ಒಂದು ಮೂಲೆ' ಕೆಲಸ ಮಾಡಿತು. ಪರದೆಪ್ಪ ಹಿಂದೆಮುಂದೆ ನೋಡದೆ ಅಂಗಡಿಯ ಹೊಸ ಬೋರ್ಡಿನ ದುಡ್ಡನ್ನು ಅಲ್ಲೇ ಕೌಂಟರಿನಲ್ಲಿ ಕಟ್ಟಿಬಿಟ್ಟರು. ಹೊಸ ಕೋಣೆಯ ಬೀಗದ ಕೈ ಹಿಡಿದು, ಹೆಂಡತಿಗೆ ಸುದ್ದಿ ಹೇಳಲು ಮೆಟ್ಟಿಲಿಳಿದರು. ಅವಮಾನವೇನೋ ಆಗಿತ್ತು. ಆದರೆ ಹೆದರಿ ಕೂತ ಹೆಂಡತಿಯನ್ನು ಕತ್ತಲೆಯಿಂದ ಬೆಳಕಿಗೆ ಕರೆದೊಯ್ಯುವ ಗಂಡನಿಗೆ ಎದೆ ಉಬ್ಬಬಾರದೇ?

ಕೋಣೆಯ ಬಾಗಿಲು ತೆರೆದರೆ ಒಳಗೆ ಗವ್ವೆನ್ನುವ ಕತ್ತಲು. ನೀಲಿ ಪರದೆಯನ್ನು ಯಾರೋ ಮತ್ತೆ ಮುಚ್ಚಿದ್ದರು. ಪರದೆಪ್ಪ ಗಾಬರಿಯಾಗಿ ನಿಂತರು. ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು. ಇಂಜಿನ್ನು ಇರಬಹುದೆಂದುಕೊಂಡರು. ದೀಪ ಹಾಕಿದಾಗ ತಿಳಿಯಿತು, ಅದು ಗೊರಕೆ.

ಹೆಂಡತಿ ಕೈಕಾಲು ಚೆಲ್ಲಿ ಮಲಗಿದ್ದರು, ಹಾಡುಹಗಲಲ್ಲಿ. ತಮಗಿಂತ ಮೊದಲು ಎದ್ದು, ತಾವು ಮಲಗಿದ ಮೇಲೆ ಮಲಗುವ ಹೆಂಗಸನ್ನು ಪರದೆಪ್ಪ ನಿದ್ದೆಯಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಈಕೆ ಗೊರಕೆ ಹೊಡೆಯುತ್ತಾಳೆಂಬುದೂ ಗೊತ್ತಿರಲಿಲ್ಲ. ಹುಬ್ಬಿನ ನಡುವಿನ ಗಂಟು ಬಿಚ್ಚಿಹೋಗಿ ಬೇರೆ ಯಾರೋ ಮಲಗಿದಂತಿತ್ತು.

"ಲೇ, ಏಳು. ಬಾಲ್ಕನಿ ಸಿಕ್ತು!"

"ದೀಪ ಆರಿಸ್ರೀ" ಎಂದರು ಹೆಂಡತಿ, ಕಣ್ಣು ಬಿಡದೆ.

"ಮೇಲಿನ ರೂಮು ಕಣೇ! ಬೆಳಕು, ಗಾಳಿ, ಎಲ್ಲಾ ಇದೆ! ದುಡ್ಡೂ ಕಟ್ಟಿಬಂದೆ!"

ಹೆಂಡತಿ ಎದ್ದು ಕೂತರು. "ಯಾರು ಕೇಳಿದ್ರು ನಿಮ್ಮನ್ನ?"

"ನೀನೇ! ಅವತ್ತು ಕತ್ತಲು ಅಂದಾಗ ಎಷ್ಟು ಹೆದರಿದ್ದೆ!"

"ಹೆದರಿದ್ನಾ? ಆಸೆಪಟ್ಟೆ ಕಣ್ರೀ!" ಹೆಂಡತಿಯ ಧ್ವನಿ ಏರಿತು. "ಮದುವೆಯಾದಾಗಿಂದ ಆ ಬೀದಿದೀಪ ನನ್ನ ಮುಖದ ಮೇಲೆ ಉರೀತಿದೆ. ಬಸ್ಸು ತಿರುಗಿದಾಗೆಲ್ಲಾ ಗೋಡೆ ಮೇಲೆ ಬೆಳಕು ಓಡುತ್ತೆ, ನನಗೆ ಎಚ್ಚರ ಆಗುತ್ತೆ. ಬೆಳಕು ಹರಿಯೋ ಮೊದಲೇ ಮೇಷ್ಟ್ರ ಮೂತಿ. ಒಂದು ಗೇಣು ಬಟ್ಟೆ ಕೇಳಿದ್ದೆ ನಿಮ್ಮನ್ನ. ಊರೋರ ಮನೆಗೆಲ್ಲಾ ಲೈನಿಂಗ್ ಹಾಕಿ ಹೊಲಿದ್ರಿ. ನನಗೆ ಒಂದು ಗೇಣು ಹುಟ್ಟಲಿಲ್ಲ."

ಪರದೆಪ್ಪನವರಿಗೆ ಷಡ್ಡಕರ ನಗೆಯೂ ಹೆಡ್‌ಮಾಸ್ತರ ಬೈಗುಳವೂ ಇಷ್ಟು ನಾಟಿರಲಿಲ್ಲ. ಕೊರಳ ಟೇಪು ಒಮ್ಮೆಲೇ ಭಾರವಾಯಿತು.

"ಮೇಲಿನ ರೂಮು..." ಎಂದು ತೊದಲಿದರು.

"ನೀವು ಹೋಗಿ. ನನ್ನ ಪುಣ್ಯಕ್ಕೆ ಒಂದು ಗೋಡೆ ಸಿಕ್ಕಿದೆ. ನಾನು ಏಳಲ್ಲ. ಹೋಗುವಾಗ ಬಾಗಿಲು ಮೆಲ್ಲಗೆ ಹಾಕಿ."

ಹೀಗೆ ಪರದೆಪ್ಪ ಒಬ್ಬರೇ ಬಾಲ್ಕನಿಯ ಒಡೆಯರಾದರು. ಷಡ್ಡಕರದು ಪಕ್ಕದ ಬಾಲ್ಕನಿಯೇ. ನಡುವೆ ಒಂದು ತೆಳ್ಳಗಿನ ಹಲಗೆ. ಮೊದಲ ಸಂಜೆ ಇಬ್ಬರೂ ಹಲಗೆಯ ಆಚೀಚೆ ಗತ್ತಿನಿಂದ ಕೂತು ಸಮುದ್ರವನ್ನು ನೋಡಿದರು. ಮರುದಿನವೂ ನೋಡಿದರು. ಸಮುದ್ರ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಸಾಲದ್ದಕ್ಕೆ ಬೆಳಗಾಗುವುದೇ ತಡ ಗಾಜಿನ ಬಾಗಿಲಿಂದ ಬಿಸಿಲು ನೇರ ಕಣ್ಣಿಗೆ ನುಗ್ಗುತ್ತಿತ್ತು. ಅಲ್ಲಿದ್ದ ಪರದೆ ಮಾತ್ರ ನೋಡಲು ಚೆಂದ, ಲೈನಿಂಗ್ ಇಲ್ಲದ ಬಲೆ. ಪರದೆಪ್ಪ ಅಂಚು ಮಗುಚಿ ನೋಡಿ, ಹಡಗಿನ ಕಂಪನಿಗೆ ಮನಸಾರೆ ಬೈದರು.

"ಏನಯ್ಯಾ, ನಿದ್ದೆ ಬಂತಾ?" ಎಂದು ಹಲಗೆಯಾಚೆಯಿಂದ ಷಡ್ಡಕರ ಧ್ವನಿ. ಅದರಲ್ಲಿ ಟೈರಿನ ಗಾಳಿ ಇಳಿದಿತ್ತು.

"ಇಲ್ಲ. ನಿಮಗೆ?"

"ಎಲ್ಲಿಂದ ಬರುತ್ತೆ? ನಿನ್ನತ್ತಿಗೆ ನಿನ್ನೇನೇ ದಿಂಬು ಎತ್ಕೊಂಡು ತಂಗಿ ರೂಮಿಗೆ ಹೋದ್ಲು. ಆ ಗುಹೇಲಿ ಅಕ್ಕತಂಗೀರು ಊಟಕ್ಕೂ ಏಳ್ತಿಲ್ಲ."

ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ತರು ದುರ್ಬೀನು ನೇತುಹಾಕಿಕೊಂಡು ಬಂದರು. ಅವರ ಹೆಂಡತಿಯೂ ಒಳಗಿನ ಕೋಣೆ ಬಿಟ್ಟು ಅಲುಗದೆ, "ಜೀವಮಾನದಲ್ಲಿ ಮೊದಲ ಸಲ ಗಂಡಸರ ಮಾತು ಕೇಳಿ ಲಾಭ ಆಯ್ತು, ಪರದೆಪ್ಪನೋರಿಗೆ ಹೇಳಿ" ಎಂದಿದ್ದರಂತೆ. ಹೆಡ್‌ಮಾಸ್ತರು ಈ ಸಂದೇಶವನ್ನು ಹಲ್ಲು ಕಚ್ಚಿಕೊಂಡು ತಲುಪಿಸಿ, ಕುರ್ಚಿಯಲ್ಲಿ ಕೂತು, ದುರ್ಬೀನು ಏರಿಸಿದರು.

"ಏನು ಕಾಣುತ್ತೆ ಮೇಷ್ಟ್ರೇ?"

"ನೀರು" ಎಂದರು ಹೆಡ್‌ಮಾಸ್ತರು.

ಮೂವರು ಗಂಡಸರು ದುಡ್ಡು ಕೊಟ್ಟ ತಪ್ಪಿಗೆ, ಪ್ರವಾಸ ಮುಗಿಯುವವರೆಗೂ ಆ ನೀರನ್ನು ಸರದಿಯ ಮೇಲೆ ನೋಡಿದರು.

ಊರಿಗೆ ಬಂದ ಮೇಲೆ ಬೀದಿಯವರೆಲ್ಲ ಹಡಗಿನ ಕಥೆ ಕೇಳಲು ಅಂಗಡಿಗೆ ಹೋದರೆ ಬಾಗಿಲು ಮುಚ್ಚಿತ್ತು. ಪರದೆಪ್ಪ ಮನೆಯಲ್ಲಿದ್ದರು. ಮಲಗುವ ಕೋಣೆಯ ಕಿಟಕಿಗೆ ಸ್ಟೂಲು ಹಾಕಿಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಟೇಪು ಹಿಡಿದು ನಿಂತಿದ್ದರು. ಹೆಂಡತಿ ಟೇಪಿನ ಕೆಳತುದಿ ಹಿಡಿದಿದ್ದರು.

"ಇನ್ನೂ ಒಂದು ಗೇಣು ಜಾಸ್ತಿ ಇರಲಿ" ಎಂದರು ಹೆಂಡತಿ.

"ಇರಲಿ."

"ಲೈನಿಂಗ್?"

"ಎರಡು ಹಾಕ್ತೀನಿ" ಎಂದರು ಪರದೆಪ್ಪ, ಕೆಳಗೆ ನೋಡದೆ.

ಅಂಗಡಿಯಲ್ಲಿದ್ದ ಅತ್ಯುತ್ತಮ ಕಡುನೀಲಿ ಬಟ್ಟೆಯ ಥಾನು ಬಿಚ್ಚಿ, ಆವತ್ತೇ ಕೂತು ಹೊಲಿದು, ಆವತ್ತೇ ಏರಿಸಿದರು. ಹಳೆಯ ಸ್ಯಾಂಪಲ್ ತುಂಡು ಸ್ಟೂಲು ಒರೆಸುವ ಬಟ್ಟೆಯಾಯಿತು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರು ವಾಡಿಕೆಯಂತೆ ಬಂದು, ವಾಡಿಕೆಯಂತೆ ಬಗ್ಗಿದರು. ಸಂದಿ ಇರಲಿಲ್ಲ. ಇನ್ನಷ್ಟು ಬಗ್ಗಿದರು. ಆಗಲೂ ಇರಲಿಲ್ಲ. ಕೊನೆಗೆ ಬೆರಳಿನಿಂದ ಕಿಟಕಿಯ ಸರಳು ತಟ್ಟಿದರು.

"ಏನ್ ಪರದೆಪ್ಪನೋರೇ, ಈ ಪರದೆ ಹಿಂದೆ ಏನಾದ್ರೂ ಇದೆಯೋ, ಇಲ್ಲಾ ಇಲ್ಲೂ ಗೋಡೇನೋ?"

ಕತ್ತಲೆಯಲ್ಲಿ ಪಕ್ಕದಿಂದ ಗೊರಕೆ ಏಳುತ್ತಿತ್ತು, ಇಳಿಯುತ್ತಿತ್ತು. ಪರದೆಪ್ಪ ಹಾಸಿಗೆಯಿಂದ ಸದ್ದಿಲ್ಲದೆ ಎದ್ದು, ಪರದೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರು.

"ಗೋಡೆ ಮೇಷ್ಟ್ರೇ, ಗೋಡೆ. ಮೆಲ್ಲಗೆ ಮಾತಾಡಿ."